ತಳ ಹಿಡಿದ ಅನ್ನದ ಮರ್ಯಾದೆ

ಹೋಬೋಕನ್, ನ್ಯೂಜೆರ್ಸಿ
6-10-1974, ಭಾನುವಾರ

ಪೂಜ್ಯ ಅತ್ತೆಯವರಿಗೂ ಮಾವನವರಿಗೂ ನಿಮ್ಮ ಸೊಸೆ ನಿರುಪಮಾ ಮಾಡುವ ನಮಸ್ಕಾರಗಳು.

ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮ ಮಗನ ಕೆಮ್ಮು ಹೋಗಿದೆ. ಚಳಿ ಇನ್ನೂ ಶುರುವಾಗಿಲ್ಲ. ಕ್ಷೇಮಸಮಾಚಾರ ಇಷ್ಟಕ್ಕೇ ಮುಗಿಸುತ್ತೇನೆ, ಏಕೆಂದರೆ ಏರೋಗ್ರಾಮಿನಲ್ಲಿ ಜಾಗ ಕಡಿಮೆ, ಹೇಳುವುದು ಬೆಟ್ಟದಷ್ಟಿದೆ. ನಿನ್ನೆ ನಾವು ಮ್ಯಾನ್‌ಹಟನ್ನಿನಲ್ಲಿ ಪರ್ಷಿಯಾದವರ ಹೋಟೆಲಿನಲ್ಲಿ ಊಟ ಮಾಡಿದೆವು.

ಮಾವನವರು ಎಂದಿನಂತೆ ಇದನ್ನು ಎಲ್ಲರೆದುರು ಗಟ್ಟಿಯಾಗಿ ಓದುತ್ತಿರುತ್ತಾರೆ, ಇಲ್ಲಿಗೆ ಬಂದು ಒಂದು ಗಳಿಗೆ ನಿಲ್ಲಿಸುತ್ತಾರೆ. ಮಾಂಸದ ತಟ್ಟೆ ನಮ್ಮ ಹತ್ತಿರವೂ ಸುಳಿಯಲಿಲ್ಲ, ಮಾವ. ಮುಂದೆ ಓದಿ.

ನಿಮ್ಮ ಮಗನ ಆಫೀಸಿನಲ್ಲಿ ಪಕ್ಕದ ಮೇಜಿನ ಜಂಷೀದ್ ಇರಾನಿನವರು. ಇವರ ಹಾಗೇ ಸೇತುವೆಗಳ ನಕ್ಷೆ ತಯಾರಿಸುವ ಎಂಜಿನಿಯರ್. ಅವರ ತಾಯಿ ಮಹೀನ್ ಖಾನುಮ್ ಮಗನನ್ನು ನೋಡಲು ಷಿರಾಜ್ ಎಂಬ ಊರಿನಿಂದ ಬಂದಿದ್ದಾರೆ. ಆ ತಾಯಿಯ ತಂಗಿ ಫರ್ಜಾನೆ ಇಲ್ಲಿ ಹೋಟೆಲು ನಡೆಸುತ್ತಾರೆ. ಅಕ್ಕ ಬಂದ ಸಂತೋಷಕ್ಕೆ ಅಲ್ಲೇ ಊಟ, ನಮಗೂ ಕರೆ.

ಪಾತ್ ಟ್ರೈನಿನಲ್ಲಿ ನದಿಯ ಅಡಿಯಿಂದ ಹೋಗಿ ಮೂವತ್ತಮೂರನೇ ಸ್ಟ್ರೀಟಿನಲ್ಲಿ ಇಳಿದೆವು. ನಾನು ನೀವು ಕೊಟ್ಟ ಮಾವಿನಹಣ್ಣು ಬಣ್ಣದ ರೇಷ್ಮೆ ಸೀರೆ ಉಟ್ಟಿದ್ದೆ. ಹೋಟೆಲಿನ ಹತ್ತಿರವೇ ಲೆಕ್ಸಿಂಗ್ಟನ್ ಬೀದಿಯ ಅಂಗಡಿಯಲ್ಲಿ ತೊಗರಿಬೇಳೆ ಕೊಂಡದ್ದರಿಂದ, ಅಂಥ ಸೀರೆ ಉಟ್ಟು ಕೈಯಲ್ಲಿ ಬೇಳೆ ಚೀಲ ಹಿಡಿದುಕೊಂಡೇ ಹೋಟೆಲಿನೊಳಗೆ ಹೋಗಬೇಕಾಯಿತು. ಯಾರೂ ನಗಲಿಲ್ಲ. ಫರ್ಜಾನೆ ಚೀಲವನ್ನು ಇಸಿದುಕೊಂಡು ಒಂದು ಕುರ್ಚಿಯ ಮೇಲೆ ಕೂರಿಸಿದರು, ಅದೂ ಒಬ್ಬ ಅತಿಥಿ ಅನ್ನುವ ಹಾಗೆ.

ಅತ್ತೆ, ಅವರು ಸಬ್ಬಸಿಗೆ ಸೊಪ್ಪನ್ನು ಅನ್ನಕ್ಕೆ ಹಾಕುತ್ತಾರೆ. ಜೊತೆಗೆ ನಮ್ಮ ಅವರೆಕಾಳಿಗೆ ದೊಡ್ಡಪ್ಪನಂತಿರುವ ಒಂದು ಕಾಳು. ಸೌತೆಕಾಯಿ ಮೊಸರುಬಜ್ಜಿ ಇತ್ತು, ಒಗ್ಗರಣೆ ಒಂದಿಲ್ಲ ಅಷ್ಟೇ. ಒಂದು ತಟ್ಟೆ ತುಂಬ ಹಸಿ ಪುದೀನ, ಮೂಲಂಗಿ. ಕೊನೆಗೆ ಸಕ್ಕರೆ ಉಂಡೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಟೀ ಕುಡಿಯುತ್ತಾರೆ. ನಿಮ್ಮ ಮಗ ಹಾಗೆ ಕುಡಿಯಲು ಹೋಗಿ ಟೈ ಮೇಲೆ ಚೆಲ್ಲಿಕೊಂಡರು.

ಒಂದೇ ಒಂದು ಎಡವಟ್ಟಾಯಿತು, ಅದನ್ನು ನಾನು ಸರಿಮಾಡಿದೆ. ಪಾಪ, ಗಡಿಬಿಡಿಯಲ್ಲಿ ಅವರ ಅನ್ನ ತಳ ಹಿಡಿದುಬಿಟ್ಟಿತ್ತು. ಆ ಸೀಕಲನ್ನು ಕೆರೆದು ಬಿಸಾಡುವುದು ಬಿಟ್ಟು ಯಾರೋ ಅದನ್ನೂ ತಟ್ಟೆಗೆ ಹಾಕಿ ತಂದು ನೇರ ಮಹೀನ್ ಖಾನುಮ್ ಅವರ ಮುಂದೆಯೇ ಇಟ್ಟರು. ಅವರೋ ಮರ್ಯಾದಸ್ಥರು. ಮುಖ ಸಿಂಡರಿಸದೆ, "ನೀನು ತೊಗೋ" ಅನ್ನುವಂತೆ ನನ್ನ ಕಡೆಗೆ ಸರಿಸಿದರು. ನನಗೆ ನಮ್ಮ ಅಡಿಗೆಮನೆ ನೆನಪಾಯಿತು. ನಾನು ನಿಮ್ಮ ಜೊತೆಯಿದ್ದ ಎರಡು ವರ್ಷವೂ ನೀವು ತಳದ ಅನ್ನವನ್ನು ಯಾರಿಗೂ ಬಡಿಸದೆ ನೀವೇ ಬಡಿಸಿಕೊಂಡು, "ನೀನು ಚಿಕ್ಕೋಳು, ಒಳ್ಳೇ ಅನ್ನ ತಿನ್ನು" ಅನ್ನುತ್ತಿದ್ದಿರಿ. ನಿಮ್ಮ ಹೆಸರು ಉಳಿಸಬೇಕೆಂದು ಆ ತಟ್ಟೆಯನ್ನೇ ಎಳೆದುಕೊಂಡು, ಬೇರೆ ಯಾರಿಗೂ ಆ ಕಷ್ಟ ಬಾರದಂತೆ, ಒಂದು ಚೂರೂ ಬಿಡದೆ ತಿಂದು ಮುಗಿಸಿದೆ. ಮೇಜಿನ ಸುತ್ತ ಎಲ್ಲರೂ ಮಾತು ನಿಲ್ಲಿಸಿ ನನ್ನನ್ನೇ ನೋಡಿದರು. ಕಷ್ಟಪಟ್ಟು ತಿಂದೆ, ಆದರೆ ತೋರಿಸಿಕೊಳ್ಳಲಿಲ್ಲ.

ಈಗ ಮುಖ್ಯ ವಿಷಯ. ಹೊರಡುವಾಗ ಫರ್ಜಾನೆ ನನ್ನ ಕೈ ಹಿಡಿದುಕೊಂಡು, "ಬುಧವಾರ ಹೋಟೆಲ್ ಕ್ಲೋಸ್ ಇರತ್ತೆ, ಬಾ, ಕಿಚನ್ ತೋರಿಸ್ತೀನಿ" ಎಂದರು. ಮಾಂಸ ತಿನ್ನದವರು ಈಗ ಬಹಳ ಜನ ಬರುತ್ತಾರಂತೆ. ಅವರ ಅಡಿಗೆಗೆಂದೇ ಬೇರೆ ಒಲೆ, ಬೇರೆ ಪಾತ್ರೆ ಇಟ್ಟಿದ್ದಾರೆ, ಕೈ ಸಾಲದು. ನಾನು ಕಲಿತರೆ ಜನವರಿಯಿಂದ ವಾರಕ್ಕೆ ಮೂರು ದಿನ ಕೆಲಸ ಕೊಡುತ್ತಾರಂತೆ. ಅತ್ತೆ, ಬೆಳಗ್ಗೆ ಏಳೂವರೆಗೆ ಇವರು ಹೊರಟರೆ ಬರುವುದು ಆರು ಗಂಟೆಗೆ. ಅಲ್ಲಿಯವರೆಗೂ ನಾನು ಕಿಟಕಿಯಲ್ಲಿ ನಿಂತು ಆಚೆ ದಡ ನೋಡುತ್ತೇನೆ. ಆ ದಡದಲ್ಲಿ ಎಲ್ಲರಿಗೂ ಏನೋ ಒಂದು ಕೆಲಸವಿದೆ. ನನಗೆ ಹೋಗಬೇಕೆಂದು ತುಂಬ ಆಸೆಯಾಗಿದೆ. ಇವರನ್ನು ಕೇಳಿದರೆ, "ಅಮ್ಮನ್ನ ಕೇಳು. ಅಮ್ಮ ಹೂಂ ಅಂದ್ರೆ ನಂದೇನೂ ಅಭ್ಯಂತರ ಇಲ್ಲ" ಎನ್ನುತ್ತಾರೆ. ಕೇಳುತ್ತಿದ್ದೇನೆ.

ನಿಮ್ಮ
ನಿರುಪಮಾ


ಕೃಷ್ಣಮೂರ್ತಿಪುರಂ, ಮೈಸೂರು
20-10-1974

ಸೌಭಾಗ್ಯವತಿ ನಿರುಪಮಾಳಿಗೆ ಅತ್ತೆ ಭಾನುಮತಿಯ ಆಶೀರ್ವಾದಗಳು.

ಬೊಂಬೆ ಕೂರಿಸಿದ್ದೇವೆ. ನಿನ್ನ ಕಾಗದ ಬಂದಾಗ ಆರತಿಗೆಂದು ಹತ್ತು ಜನ ಹೆಂಗಸರು ನಡುಮನೆಯಲ್ಲಿ ಕೂತಿದ್ದರು. ಮಾವನವರು ಅವರೆದುರೇ ಓದಿದರು. ನೀನು ಬೇರೆಯವರಿಗೆ ಕಷ್ಟವಾಗದಿರಲೆಂದು ಸೀದ ಅನ್ನ ತಿಂದೆ ಎಂಬಲ್ಲಿಗೆ ಬಂದಾಗ ಎದುರುಮನೆ ಪದ್ಮಜಮ್ಮ ಕಣ್ಣಿಗೆ ಸೆರಗು ಹಚ್ಚಿಕೊಂಡರು. "ಸೊಸೆ ಅಂದ್ರೆ ಹೀಗಿರಬೇಕು. ಭಾನಕ್ಕನ ತರಬೇತಿ" ಎಂದು ಎಲ್ಲರೂ ಅಂದರು. ನಾನು ಎದ್ದು ಕೋಸಂಬರಿ ಹಂಚಿದೆ.

ಹೋಟೆಲಿನ ಕೆಲಸದ ವಿಚಾರ. ಮಾವನವರು ಅಲ್ಲೇ, ಎಲ್ಲರೆದುರೇ, "ಹೋಟೆಲ್ ಅಡಿಗೆಗೆ ಹೋಗೋ ಗತಿ ನಮ್ಮನೆ ಸೊಸೆಗೆ ಬಂದಿಲ್ಲ" ಎಂದರು. ಮಾಂಸ ಬೇಯುವ ಅಡಿಗೆಮನೆ, ಒಲೆ ಬೇರೆಯಾದರೇನು, ಸೂರು ಒಂದೇ ಅಲ್ಲವೇ ಎಂದು ಪದ್ಮಜಮ್ಮನೂ ಸೇರಿಸಿದರು. ಹಾಗಾಗಿ ಬೇಡ. ಬೇಸರವಾದರೆ ಕಸೂತಿ ಹಾಕು, ಇಲ್ಲಿಂದ ದಾರ ಕಳಿಸುತ್ತೇನೆ. ನನ್ನ ಮಗ ಸೂರಿಗೆ ಎಣ್ಣೆಸ್ನಾನ ತಪ್ಪಿಸಬೇಡ.

ಭಾನುಮತಿ

ಕಾಗದದ ಮಡಿಕೆಯಲ್ಲಿ ಜಾಗವಿದೆ, ಅದಕ್ಕೆ ಬರೆಯುತ್ತಿದ್ದೇನೆ. ಆ ತಳದ ಅನ್ನ ಕಪ್ಪಗಿತ್ತೋ ಕೆಂಪಗಿತ್ತೋ? ಚೂರುಚೂರಾಗಿತ್ತೋ, ಇಡಿಯಾಗಿ ಎದ್ದಿತ್ತೋ? ಸುಮ್ಮನೆ ಕೇಳಿದೆ.


ಹೋಬೋಕನ್
10-11-1974

ಪೂಜ್ಯ ಅತ್ತೆಯವರಿಗೆ ನಿರುಪಮಾಳ ನಮಸ್ಕಾರಗಳು.

ಕೆಂಪಗಿತ್ತು. ಇಡಿಯಾಗಿ, ಒಬ್ಬಟ್ಟಿನ ಹಾಗೆ ದುಂಡಗಿತ್ತು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಪದ್ಮಜಮ್ಮನವರು ಆ ಕಣ್ಣೀರನ್ನು ವಾಪಸು ತೆಗೆದುಕೊಳ್ಳಬೇಕಾಗುತ್ತದೆ, ಏಕೆಂದರೆ ನಾನು ಮಾಡಿದ್ದು ತ್ಯಾಗವಲ್ಲ, ದರೋಡೆ.

ಆ ಅನ್ನ ತಳ ಹಿಡಿದದ್ದಲ್ಲ ಅತ್ತೆ, ಹಿಡಿಸಿದ್ದು. ಅವರು ಬೇಕೆಂದೇ ಹಾಗೆ ಮಾಡುತ್ತಾರೆ. ಹೆಂಗಸಿನ ಕೈಗುಣ ಅಳೆಯುವುದೇ ಅದರಿಂದ. ಊಟದಲ್ಲಿ ಎಲ್ಲಕ್ಕಿಂತ ಮರ್ಯಾದೆಯ ಪಾಲು ಅದು, ಮನೆಗೆ ಬಂದ ಅತಿಥಿಗೆ, ಹಿರಿಯರಿಗೆ ಮೊದಲು ಕೊಡುತ್ತಾರೆ. ಫರ್ಜಾನೆ ಎಂಟು ವರ್ಷದ ಮೇಲೆ ನೋಡಿದ ಅಕ್ಕನಿಗೆಂದು ಅದನ್ನು ತಾವೇ ನಿಂತು ಮಾಡಿದ್ದರು. ಅಕ್ಕ ಅದನ್ನು ನನ್ನ ಕಡೆ ಸರಿಸಿದ್ದು ಉಪಚಾರಕ್ಕೆ. ನಾನು "ಬೇಡ ಬೇಡ, ನೀವು ತೊಗೊಳ್ಳಿ" ಅನ್ನಬೇಕು, ಅವರು ಮತ್ತೆ ಸರಿಸಬೇಕು, ಹೀಗೆ ಎರಡು ಮೂರು ಸುತ್ತಾದ ಮೇಲೆ ಎಲ್ಲರೂ ಮುರಿದುಕೊಂಡು ತಿನ್ನಬೇಕು. ನಮ್ಮ ಮದುವೆಮನೆಗಳಲ್ಲೂ ಎಲೆಯ ಮುಂದೆ ಇದೇ ನಾಟಕ ನಡೆಯುವುದಿಲ್ಲವೇ? ನಾನು ಒಂದೇ ಸಲಕ್ಕೆ ಎಳೆದುಕೊಂಡು ಇಡೀ ತಟ್ಟೆ ಬಳಿದೆ. ಇದನ್ನು ಫರ್ಜಾನೆ ನಗುನಗುತ್ತ ಹೇಳಿದಾಗ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆರು ಸಾವಿರ ಮೈಲಿ ದಾಟಿ ಬಂದ ಹೆಂಗಸಿನ ಬಾಯಿಂದ ಕಿತ್ತುಕೊಂಡ ಹಾಗಾಯಿತು.

ಇನ್ನೊಂದು ತಪ್ಪೊಪ್ಪಿಗೆ. ಕಷ್ಟಪಟ್ಟು ತಿಂದೆ ಎಂದು ಬರೆದದ್ದು ಸುಳ್ಳು. ಅಷ್ಟು ರುಚಿಯಾದದ್ದನ್ನು ನಾನು ಈ ದೇಶಕ್ಕೆ ಬಂದ ಮೇಲೆ ತಿಂದಿಲ್ಲ. ಮೊದಲ ಚೂರು ತಿಂದಾಗಲೇ ಇಷ್ಟವಾಯಿತು. ಸೀಕಲು ಇಷ್ಟವಾಯಿತೆಂದು ಹೇಳಿಕೊಳ್ಳಲು ನಾಚಿಕೆಯಾಗಿ ತ್ಯಾಗದ ಮುಖ ಹಾಕಿಕೊಂಡೆ. ನೀವು ಹಸಿವಿಗೆ ತಿಂದದ್ದನ್ನು ನಾನು ಚಪಲಕ್ಕೆ ತಿಂದೆ. ಕ್ಷಮಿಸಿ.

ನೀವು ಬೇಡವೆಂದಿದ್ದೀರಿ, ಹಾಗಾಗಿ ಆ ಅಡಿಗೆಮನೆಗೆ ಹೋಗಿಲ್ಲ. ಒಂದು ಬುಧವಾರ ಬಾಗಿಲಲ್ಲಿ ನಿಂತು ನೋಡಿದೆ, ಅಷ್ಟೇ. ಕೇಸರಿಯನ್ನು ನಾಲ್ಕು ಕಾಳು ಸಕ್ಕರೆ ಸೇರಿಸಿ ಅರೆದರೆ ಹಿಟ್ಟಿನ ಹಾಗೆ ನುಣ್ಣಗಾಗುತ್ತದೆ. ಮುಚ್ಚಳಕ್ಕೆ ಬಟ್ಟೆ ಸುತ್ತಿ ಮುಚ್ಚಿದರೆ ಆವಿಯ ನೀರು ಅನ್ನಕ್ಕೆ ತೊಟ್ಟಿಕ್ಕುವುದಿಲ್ಲ. ಪಾತ್ರೆಯ ಅಂಚು ಮುಟ್ಟಿದರೆ ಬೆರಳಿಗೆ ಎಷ್ಟು ಬಿಸಿ ತಾಗಬೇಕೆಂಬುದಕ್ಕೂ ಲೆಕ್ಕವಿದೆ.

ಮಹೀನ್ ಖಾನುಮ್ ಡಿಸೆಂಬರ್ 24ಕ್ಕೆ ಊರಿಗೆ ಹೊರಡುತ್ತಾರೆ. ಅದರೊಳಗೆ ಅವರ ಪಾಲನ್ನು ನನ್ನ ಕೈಯಾರೆ ಮಾಡಿ ಅವರ ಮುಂದಿಡಬೇಕು. ಮನೆಯಲ್ಲಿ ಐದು ಸಲ ಮಾಡಿದೆ. ಮೂರು ಸಲ ಇದ್ದಿಲಾಯಿತು, ಎರಡು ಸಲ ಮೆತ್ತಗೆ ಅಂಬಲಿಯಾಯಿತು. ಮೇಲಿನ ಮನೆಯ ಮಾರ್ಗರೆಟ್ ಹೊಗೆ ಬಂದಾಗಲೆಲ್ಲ ಪೊರಕೆಯಿಂದ ನೆಲ ಕುಟ್ಟುತ್ತಾಳೆ. ಅತ್ತೆ, ಮಾವ, ಇನ್ನೊಮ್ಮೆ ಯೋಚಿಸಿ. ಫರ್ಜಾನೆಗೆ ನಾನಿನ್ನೂ ಇಲ್ಲವೆಂದು ಹೇಳಿಲ್ಲ.

ನಿರುಪಮಾ


ಮೈಸೂರು
25-11-1974

ನಿರುಪಮಾ,

ಇದನ್ನು ಪದ್ಮಜಮ್ಮನ ಮನೆಯ ಹಿತ್ತಿಲಲ್ಲಿ ಕೂತು ಬರೆಯುತ್ತಿದ್ದೇನೆ. ಮಾವನವರು ಪಿಂಚಣಿ ಕಚೇರಿಗೆ ಹೋಗಿದ್ದಾರೆ. ನಾನೇ ಅಂಟಿಸಿ, ನಾನೇ ಬಲ್ಲಾಳ್ ಸರ್ಕಲ್ಲಿನ ಡಬ್ಬಿಗೆ ಹಾಕುತ್ತೇನೆ. ಮದುವೆಯಾದ ಮೇಲೆ ಮಾವನವರು ಓದದ ಕಾಗದ ನಾನು ಬರೆಯುತ್ತಿರುವುದು ಇದೇ ಮೊದಲು. ಭಯವೂ ಆಗುತ್ತಿದೆ, ಖುಷಿಯೂ ಆಗುತ್ತಿದೆ.

ಮೊದಲು ನಿನ್ನ ಸುಳ್ಳು. ಬಾಗಿಲಲ್ಲಿ ನಿಂತವಳಿಗೆ ಪಾತ್ರೆಯ ಅಂಚಿನ ಬಿಸಿ ಬೆರಳಿಗೆ ಹೇಗೆ ತಾಗಿತಮ್ಮ? ನೀನು ಒಳಗೆ ಹೋಗಿದ್ದೀಯ, ಒಂದು ಬುಧವಾರವಲ್ಲ, ನಾಲ್ಕೈದು. ಇರಲಿ.

ಈಗ ನನ್ನ ಸುಳ್ಳು. ನಿನ್ನದು ಒಂದು ತಿಂಗಳದ್ದು, ನನ್ನದು ಮೂವತ್ತಾರು ವರ್ಷದ್ದು. ನಾನು ತಳದ ಅನ್ನ ತಿಂದದ್ದು ಹಸಿವಿಗಲ್ಲ, ತ್ಯಾಗಕ್ಕೂ ಅಲ್ಲ. ನನಗೆ ಅದೆಂದರೆ ಪ್ರಾಣ.

ಹದಿನಾಲ್ಕಕ್ಕೆ ಈ ಮನೆಗೆ ಬಂದೆ. ಆಗ ಹನ್ನೊಂದು ಜನ. ಹಬ್ಬದ ಕರಿದದ್ದು, ಹಾಲಿನ ಕೆನೆ, ಮಾವಿನಹಣ್ಣಿನ ಒಳ್ಳೆಯ ಹೋಳು, ಎಲ್ಲಕ್ಕೂ ಯಾರದೋ ಹೆಸರಿರುತ್ತಿತ್ತು. ತಪ್ಪಲೆಯ ತಳಕ್ಕೆ ಮಾತ್ರ ಯಾರ ಹೆಸರೂ ಇರಲಿಲ್ಲ. ಒಂದು ದಿನ ತುಪ್ಪ ಸವರಿ, ಮೆಣಸಿನಪುಡಿ ಉದುರಿಸಿ ತಿಂದೆ. ಅವತ್ತಿನಿಂದ ಅದನ್ನು ಬೇಕೆಂದೇ ಹಿಡಿಸಿದೆ. ನಮ್ಮತ್ತೆ "ಪಾಪ ಹುಡುಗಿ, ಸೀದದ್ದೇ ತಿನ್ನತ್ತೆ" ಅಂತ ಊರೆಲ್ಲ ಹೊಗಳಿದರು. ಹೊಗಳಿಕೆಯೂ ಸಿಕ್ಕಿತು, ಸೀಕಲೂ ಸಿಕ್ಕಿತು, ನಾನೇಕೆ ಬಾಯಿಬಿಡಲಿ? ನಿನಗೆ "ಒಳ್ಳೇ ಅನ್ನ ತಿನ್ನು" ಎಂದದ್ದೂ ಅದಕ್ಕೇ. ನೀನು ಒಂದು ಸಲ ರುಚಿ ನೋಡಿದರೆ ನನ್ನ ಪಾಲು ಅರ್ಧವಾಗುತ್ತದೆಂದು ಹೆದರಿದ್ದೆ. ಅದಕ್ಕೆ ನೀನು ಕಣ್ಣಲ್ಲಿ ನೀರು ತಂದುಕೊಂಡು ನೋಡುತ್ತಿದ್ದೆ, ನಾನು ತಲೆ ತಗ್ಗಿಸಿ ತಿನ್ನುತ್ತಿದ್ದೆ. ನಿನ್ನ ದರೋಡೆ ದೊಡ್ಡದೋ ನನ್ನದೋ ನೀನೇ ಹೇಳು.

ಮಾಡುವ ಕ್ರಮ ಕೇಳು. ಅನ್ನ ಮುಕ್ಕಾಲು ಬೆಂದಾಗ ಗಂಜಿ ಬಸಿ. ದಪ್ಪ ತಳದ ಪಾತ್ರೆಗೆ ತುಪ್ಪ ಹಾಕಿ, ಅನ್ನವನ್ನು ಗೋಪುರದ ಹಾಗೆ ಒಟ್ಟು, ಒತ್ತಬೇಡ. ಬೆಂಕಿ ಸಣ್ಣಗಿರಲಿ. ಆಮೇಲೆ ಕಣ್ಣಿಗೆ ಕೆಲಸವಿಲ್ಲ, ಕಿವಿಗೆ. ಮೊದಲು ನೀರಿನ ಸದ್ದು, ಆಮೇಲೆ ಚಿಟಚಿಟ, ಆಮೇಲೆ ಮೌನ. ಮೌನವಾದ ಕೂಡಲೇ ಇಳಿಸಿದರೆ ಮೆತ್ತಗೆ, ತಡವಾದರೆ ಇದ್ದಿಲು. ನಾನು ಗಡಿಯಾರ ನೋಡಿದವಳಲ್ಲ. ಮಾವನವರ ಪೂಜೆಯ ಗಂಟೆಯೇ ನನ್ನ ಗಡಿಯಾರ. ಚಿಟಚಿಟ ನಿಂತ ಸ್ವಲ್ಪ ಹೊತ್ತಿಗೆ ಅವರು ಮಂಗಳಾರತಿಗೆ ಗಂಟೆ ಹೊಡೆಯುತ್ತಾರೆ, ಆಗ ಇಳಿಸುತ್ತೇನೆ. ದೇವರ ದಯೆ, ಒಂದು ದಿನವೂ ಲೆಕ್ಕ ತಪ್ಪಿಲ್ಲ. ನಿನಗೆ ಅಲ್ಲಿ ಗಂಟೆಯಿಲ್ಲ, ಮುನ್ನೂರು ಎಣಿಸು. ಇಳಿಸಿದ ಕೂಡಲೇ ಪಾತ್ರೆಯನ್ನು ಒದ್ದೆ ಬಟ್ಟೆಯ ಮೇಲೆ ಕೂರಿಸು, ತಳ ತಾನಾಗಿ ಬಿಟ್ಟುಕೊಡುತ್ತದೆ.

ಕಲಿಯುವುದಕ್ಕೆ ನನ್ನ ಒಪ್ಪಿಗೆಯಿದೆ. ಆ ತಾಯಿಯ ಪಾಲು ಹಿಂದಿರುಗಿಸಿಯೇ ತೀರಬೇಕು. ಆದರೆ ಜನವರಿಯ ಕೆಲಸದ ಮಾತು ಮಾವನವರ ಬಾಯಿಂದ ಬರಬೇಕು, ಅದಕ್ಕೆ ದಾರಿ ನನಗೂ ಕಾಣುತ್ತಿಲ್ಲ. ಮುಂದಿನ ಕಾಗದವನ್ನು ಅವರು ಗಟ್ಟಿಯಾಗಿ ಓದುತ್ತಾರೆ, ನೆನಪಿರಲಿ. ಅನ್ನದ ಸುದ್ದಿಯನ್ನು ಹವಾಮಾನದ ಸುದ್ದಿಯೆಂದು ಬರೆ. ನನಗೆ ತಿಳಿಯುತ್ತದೆ.

ಭಾನುಮತಿ


ಹೋಬೋಕನ್
22-12-1974

ಪೂಜ್ಯ ಅತ್ತೆ ಮಾವನವರಿಗೆ ನಮಸ್ಕಾರಗಳು.

ಇಲ್ಲಿ ಎಲ್ಲರೂ ಆರೋಗ್ಯ. ಅತ್ತೆಯವರಿಗೆ ಇಲ್ಲಿನ ಹವಾಮಾನದ ಕುತೂಹಲವಿರುವುದರಿಂದ ಅದನ್ನೇ ವಿವರವಾಗಿ ಬರೆಯುತ್ತಿದ್ದೇನೆ.

ನಿನ್ನೆ ಶನಿವಾರ ಮಧ್ಯಾಹ್ನ ಲೆಕ್ಸಿಂಗ್ಟನ್ ಕಡೆ ಮಂಜು ಬಿತ್ತು. ಬೆಳಗ್ಗೆಯಿಂದ ನನಗೆ ಆತಂಕ, ಬೀಳುತ್ತದೋ ಇಲ್ಲವೋ ಎಂದು. ಮೊದಲು ನೀರಿನ ಸದ್ದು ಬಂತು, ಆಮೇಲೆ ಚಿಟಚಿಟ, ಆಮೇಲೆ ಎಲ್ಲ ಮೌನ. ನಾನು ಮುನ್ನೂರು ಎಣಿಸಿದೆ. ಇನ್ನೂರ ಎಂಬತ್ತರ ಹೊತ್ತಿಗೆ ನಿಮ್ಮ ಮಗ ಬಂದು "ಏನು ಎಣಿಸ್ತಿದೀಯ?" ಎಂದು ಕೇಳಿದರು, ಕೈ ಸನ್ನೆಯಲ್ಲೇ ಆಚೆ ಕಳಿಸಿದೆ. ಮುನ್ನೂರಕ್ಕೆ ಸರಿಯಾಗಿ, ಒದ್ದೆ ಬಟ್ಟೆ ಹಾಸಿದ ಕೂಡಲೇ, ಮಂಜು ಇಡಿಯಾಗಿ ಒಂದೇ ತುಂಡಾಗಿ ಬಿತ್ತು. ಅಂಚು ಎಲ್ಲೂ ಮುರಿಯಲಿಲ್ಲ. ಒಳ್ಳೆಯ ಹೊಂಬಣ್ಣ, ನಡುವೆ ಸ್ವಲ್ಪ ಕೆಂಪು.

ಊರಿಗೆ ಹೊರಟಿರುವ ಷಿರಾಜಿನ ಹಿರಿಯರ ಎದುರಿಗೇ ಬಿತ್ತು. ಅವರು ಅದನ್ನು ಉಗುರಿನಿಂದ ತಟ್ಟಿ ಸದ್ದು ಕೇಳಿದರು. ತಂಗಿಯ ಕಡೆ ನೋಡಿ ಏನೋ ಹೇಳಿದರು. ಅವರ ತಾಯಿಯ ಕಾಲದಲ್ಲಿ ಇಂಥ ಮಂಜು ಬೀಳುತ್ತಿತ್ತು ಎಂದರಂತೆ, ಜಂಷೀದ್ ನನಗೆ ಇಂಗ್ಲಿಷಿನಲ್ಲಿ ಹೇಳಿದರು. ಆಮೇಲೆ ಅವರು ಕಣ್ಣೊರೆಸಿಕೊಂಡು ಅದನ್ನು ನನ್ನ ಕಡೆ ಸರಿಸಿದರು. ನಾನು ಬೇಡವೆಂದೆ. ಮತ್ತೆ ಸರಿಸಿದರು. ಬೇಡವೆಂದೆ. ಮೂರನೆಯ ಸಲ ಅವರೇ ಒಂದು ಚೂರು ಮುರಿದು ನನ್ನ ಬಾಯಿಗಿಟ್ಟರು, ಮಿಕ್ಕದ್ದನ್ನು ತಾವು ಇಟ್ಟುಕೊಂಡು, ಯಾರಿಗೂ ಕೊಡದೆ, ಪೂರ್ತಿ ತಿಂದರು. ಇಡೀ ಹೋಟೆಲು ನಕ್ಕಿತು. ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಜನವರಿಯಿಂದ ವಾರಕ್ಕೆ ಮೂರು ದಿನ ಇದೇ ಹವೆ ಇರಲಿ ಎಂದು ಫರ್ಜಾನೆ ಕೇಳುತ್ತಿದ್ದಾರೆ. ಹದಿನೈದನೇ ತಾರೀಖಿನವರೆಗೆ ಕಾಯುತ್ತಾರಂತೆ, ಆಮೇಲೆ ಬೇರೆಯವರನ್ನು ನೋಡಿಕೊಳ್ಳುತ್ತಾರೆ. ನಿಮ್ಮ ಊರಿನ ಹವೆ ಹೇಗಿದೆ, ಅನುಕೂಲವಾಗಿದೆಯೇ, ದಯವಿಟ್ಟು ಬೇಗ ತಿಳಿಸಿ.

ನಿರುಪಮಾ


ಮೈಸೂರು
2-1-1975

ನಿರುಪಮಾ,

ನಿನ್ನ ಹವಾಮಾನ ನೆನ್ನೆ ತಲುಪಿತು. ಪದ್ಮಜಮ್ಮ ಬಂದು ಕೂತಿದ್ದರು. ಮಾವನವರು ಓದುತ್ತ ಓದುತ್ತ "ಹೊಂಬಣ್ಣ, ನಡುವೆ ಸ್ವಲ್ಪ ಕೆಂಪು" ಎಂಬಲ್ಲಿ ನಿಂತರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡು ಅದನ್ನೇ ಓದಿದರು. ಪದ್ಮಜಮ್ಮ, "ಅಮೆರಿಕಾದಲ್ಲಿ ಎಲ್ಲಾ ವಿಚಿತ್ರ ಬಿಡಿ" ಎಂದರು. ಮಿಕ್ಕದ್ದನ್ನು ಮಾವನವರು ಮನಸ್ಸಿನಲ್ಲೇ ಓದಿಕೊಂಡರು. ಆಮೇಲೆ, "ಪದ್ಮಜಮ್ಮ, ನಿಮ್ಮ ಹಾಲು ಉಕ್ಕೀತು, ಹೋಗಿ ನೋಡಿ" ಎಂದು ಅವರನ್ನು ಕಳಿಸಿದರು.

"ಭಾನು, ಮಂಜು ಬೆಳ್ಳಗಿರತ್ತೆ. ಮೂವತ್ತು ವರ್ಷ ಸೈನ್ಸ್ ಪಾಠ ಮಾಡಿದೀನಿ ನಾನು."

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಕದ್ದು ಬರೆದ ಕಾಗದ, ನಿನ್ನ ಬುಧವಾರಗಳು, ನನ್ನ ಸೀಕಲು, ಎಲ್ಲ ಹೇಳಿಬಿಟ್ಟೆ. ಕೇಳಿಸಿಕೊಂಡು, "ಕಾಗದದ್ದು ಗೊತ್ತಿರಲಿಲ್ಲ. ಸೀಕಲಿಂದು ಗೊತ್ತು" ಎಂದರು.

"ಏನು ಗೊತ್ತು?"

"ನೀನು ಅದನ್ನ ಇಷ್ಟಪಟ್ಟು ತಿಂತೀಯ ಅಂತ. ಮದುವೆಯಾದ ವರ್ಷ ಕಣೇ, ಉಗ್ರಾಣದ ಬಾಗಿಲ ಸಂದೀಲಿ ಕೂತು ತಿಂತಿದ್ದೆ. ದೇವರ ಮನೆಯಿಂದ ನಿನ್ನ ಮುಖ ಕಾಣಿಸ್ತು. ಈ ಮನೇಲಿ ನೀನು ಅಷ್ಟು ಸಂತೋಷವಾಗಿದ್ದನ್ನ ನಾನು ಅಲ್ಲಿವರೆಗೂ ನೋಡಿರಲಿಲ್ಲ. ಅವತ್ತಿಂದ ಅನ್ನ ಕೆಂಪಗಾದ ವಾಸನೆ ಬರೋವರೆಗೂ ನಾನು ಗಂಟೆ ಮುಟ್ಟಿಲ್ಲ."

ನಿರುಪಮಾ, ನಾನು ದೇವರ ದಯೆ ಎಂದುಕೊಂಡಿದ್ದೆ. ಒಂದೊಂದು ದಿನ ಸೌದೆ ಹಸಿಯಿರುತ್ತಿತ್ತು, ತಡವಾಗುತ್ತಿತ್ತು. ಅಂಥ ದಿನ ಇವರು ಎಷ್ಟು ಹೊತ್ತು ಪೂಜೆ ಮಾಡುತ್ತಾರಪ್ಪ, ಶಾಲೆಗೆ ಹೊತ್ತಾಗುವುದಿಲ್ಲವೇ ಎಂದು ನಾನು ಒಳಗೊಳಗೇ ಗೊಣಗಿದ್ದೂ ಇದೆ. ನೆನ್ನೆ ಅದನ್ನು ನೆನೆಸಿಕೊಂಡು ಗೋಡೆಗೊರಗಿ ಅತ್ತುಬಿಟ್ಟೆ.

ಅತ್ತಾದ ಮೇಲೆ ಕೋಪ ಬಂತು. "ಇಷ್ಟೆಲ್ಲ ಗೊತ್ತಿದ್ದೋರು ಆ ಹುಡುಗಿಗೆ ಯಾಕೆ ಬೇಡ ಅಂದ್ರಿ?" ಎಂದು ಕೇಳಿದೆ. "ಬೊಂಬೆ ನೋಡೋಕೆ ಹತ್ತು ಜನ ಬಂದು ಕೂತಿದ್ರು, ಏನು ಹೇಳ್ಲಿ? ನೀನೂ ಸುಮ್ಮನಿದ್ದೆ. ನಿನಗೂ ಬೇಡ ಅಂತಲೇ ಅಂದ್ಕೊಂಡೆ" ಎಂದರು. ನಾನು ಅವರಿಗೆ ಬೇಡವೆಂದುಕೊಂಡು ಸುಮ್ಮನಿದ್ದೆ, ಅವರು ನನಗೆ ಬೇಡವೆಂದುಕೊಂಡು ಬೇಡವೆಂದರು. ನಡುವೆ ನಿನ್ನ ಮೂರು ತಿಂಗಳು ಹಾಳಾಯಿತು.

ಇವತ್ತು ಗಂಟೆ ಹೊಡೆದ ಮೇಲೆ ಅವರನ್ನು ಅಡಿಗೆಮನೆಗೆ ಕರೆದೆ. ಅವರೆಕಾಯಿ ಕಾಲ, ನೀನು ಬರೆದಂತೆ ಸಬ್ಬಸಿಗೆ ಸೊಪ್ಪಿನ ಜೊತೆ ಅನ್ನಕ್ಕೆ ಹಾಕಿದ್ದೆ. ತಳ ಇಡಿಯಾಗಿ ಎದ್ದಿತು. ಎರಡು ಪಾಲು ಮಾಡಿದೆ. ಅವರಿಗೆ ಹಲ್ಲು ಸಾಲದು, ತುಪ್ಪದಲ್ಲಿ ನೆನೆಸಿ ಕೊಟ್ಟೆ. ತಿಂದು, "ಇಷ್ಟು ಚೆನ್ನಾಗಿರತ್ತಾ? ಮೂವತ್ತಾರು ವರ್ಷ ಒಂದು ಚೂರೂ ಕೊಡಲಿಲ್ಲವಲ್ಲೇ" ಎಂದರು. "ನೀವು ಕೇಳಲಿಲ್ಲವಲ್ಲ" ಎಂದೆ.

ಕೆಲಸಕ್ಕೆ ಹೋಗು. ಇದು ಮಾವನವರ ಮಾತು, ಅವರೇ ಹೇಳಿ ಬರೆಸುತ್ತಿದ್ದಾರೆ. ಹದಿನೈದರೊಳಗೆ ಈ ಕಾಗದ ತಲುಪಬೇಕೆಂದು ತಾವೇ ದೊಡ್ಡ ಅಂಚೆ ಕಚೇರಿಗೆ ಹೋಗಿ ಹಾಕುತ್ತಾರಂತೆ. ಪದ್ಮಜಮ್ಮ ಕೇಳಿದರೆ ಏನು ಹೇಳುವುದೆಂದು ಕೇಳಿದೆ. ಅದನ್ನು ತಮಗೆ ಬಿಡು ಎಂದರು.

ಇನ್ನು ಮೇಲೆ ಹವಾಮಾನ ಬೇಡ. ಅನ್ನ ಎಂದೇ ಬರೆ.

ಭಾನುಮತಿ